ಅಗ್ಗದ ಗುಂಡಿನ ನಿಜವಾದ ಬೆಲೆ
2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್ ಕಂಚು ಗೆದ್ದರು. ಆ ಸ್ಪರ್ಧೆಯ .22 ರಿಮ್‌ಫೈರ್ ಗುಂಡಿನ ಬಗ್ಗೆ ನಾವು ಮಾತಾಡಿದ್ದು ಕಡಿಮೆ.

ಈ ಗುಂಡಿಗೆ ಕಿಡಿ ಹೊತ್ತಿಸುವ ರಾಸಾಯನಿಕ ಇರೋದು ಕೇಸಿನ ತಳದ ಅಂಚಿನೊಳಗೆ. ಅದು ಸಮನಾಗಿ ಹರಡದಿದ್ದರೆ ಗುಂಡು ಹಾರದೇ ಇರಬಹುದು. ಮದ್ದು ಹೆಚ್ಚುಕಮ್ಮಿಯಾದರೆ ವೇಗ ಬದಲಾಗುತ್ತೆ. ನಾನು ಲೆಕ್ಕ ಹಾಕಿದೆ: ಸೆಕೆಂಡಿಗೆ 330 ಮೀಟರ್ ಹೋಗಬೇಕಾದ ಗುಂಡು 320ರಲ್ಲಿ ಹೋದರೆ, 50 ಮೀಟರ್ ದೂರದಲ್ಲಿ ಸುಮಾರು 7 ಮಿ.ಮೀ. ಕೆಳಗೆ ಬೀಳುತ್ತೆ. ಹತ್ತು ಅಂಕದ ವೃತ್ತದ ವ್ಯಾಸವೇ 10.4 ಮಿ.ಮೀ.!

ಹಾಗಂತ ಅಗ್ಗದ್ದೆಲ್ಲ ಕಳಪೆ ಅಲ್ಲ. ನಿಲುವು, ಉಸಿರು, ಟ್ರಿಗರ್ ಕಲಿಯೋಕೆ ಅದು ಸಾಕು. ತೊಂದರೆ ಶುರುವಾಗೋದು ಆಯ್ಕೆ ಪಂದ್ಯದಲ್ಲಿ. ದುಡ್ಡಿದ್ದವರು ತಮ್ಮ ರೈಫಲನ್ನು ಸ್ಟ್ಯಾಂಡಿಗೆ ಬಿಗಿದು, ಹಲವು ಲಾಟ್ ಪರೀಕ್ಷಿಸಿ, ಹೊಂದಿದ ಲಾಟನ್ನೇ ಪೆಟ್ಟಿಗೆಗಟ್ಟಲೆ ಕೊಳ್ಳಬಹುದು. ಸಿಕ್ಕಿದ್ದನ್ನು ಹೊಡೆಯುವ ಹುಡುಗಿಗೆ ತಪ್ಪಿದ್ದು ಕೈಯೋ ಗುಂಡೋ ಅಂತಲೇ ಗೊತ್ತಾಗಲ್ಲ. ಸೋಲು ಮಾತ್ರ ಅವಳ ಲೆಕ್ಕಕ್ಕೆ.

ಹಾಗಾಗಿ ಪ್ರತಿ ರೇಂಜಿನಲ್ಲೂ ಉಚಿತ ಲಾಟ್ ಪರೀಕ್ಷೆ ಇರಲಿ, ಖರೀದಿ ಒಟ್ಟಾಗಿ ಆಗಲಿ. ಒಂದು ಗುಂಡಿಗೆ ಎಷ್ಟು ರೂಪಾಯಿ ಅನ್ನೋದಕ್ಕಿಂತ, ನಂಬಬಹುದಾದ ಒಂದು ಗುಂಡಿಗೆ ಎಷ್ಟು ಅಂತ ಕೇಳೋಣ.