ಮೀನು ಕೊಂದವರಲ್ಲಿ ನಾವೂ ಇದ್ದೇವೆ

ಎರಡು ವರ್ಷದ ಹಿಂದೆ ನಾವೊಂದು ಯಶೋಗಾಥೆ ಬರೆದಿದ್ದೆವು. ಕೃಷಿ ಹೊಂಡದಲ್ಲಿ ಮೀನು ಸಾಕಿ ಲಕ್ಷ ರೂಪಾಯಿ ಕಂಡ ರೈತರೊಬ್ಬರ ಕಥೆ. ತಲೆಬರಹದಲ್ಲೇ 'ಲಕ್ಷ' ಇತ್ತು. ದಪ್ಪ ಕಾಟ್ಲಾ ಹಿಡಿದು ಅವರು ನಗುತ್ತಿದ್ದ ಫೋಟೊ ಇತ್ತು. ನಮ್ಮ ಬರಹಗಳಲ್ಲಿ ಅಷ್ಟು ಹಂಚಿಕೆಯಾದದ್ದು ಇನ್ನೊಂದಿಲ್ಲ. ವಾಟ್ಸಾಪ್ ಗುಂಪುಗಳಲ್ಲಿ ಒಳಗಿನ ವಿವರ ಉದುರಿಹೋಗಿ ಫೋಟೊ ಮತ್ತು ಲಕ್ಷ ಎರಡೇ ಉಳಿದು ತಿಂಗಳುಗಟ್ಟಲೆ ಓಡಾಡಿದವು.

ಕಳೆದ ಶ್ರಾವಣದಲ್ಲಿ ಒಂದು ದಿನ ಬೆಳಗ್ಗೆ ಆರೂವರೆಗೆ ಫೋನ್ ಬಂತು. ಬಯಲುಸೀಮೆಯ ಒಬ್ಬ ರೈತರು. "ಸಾರ್, ನೀವ್ ಬರ್ದಿದ್ದು ನೋಡೇ ಮರಿ ಬಿಟ್ಟಿದ್ದು. ರಾತ್ರಿ ಚೆನ್ನಾಗಿದ್ವು. ಈಗ ಎಲ್ಲಾ ಹೊಟ್ಟೆ ಮೇಲಾಗಿ ತೇಲ್ತಾ ಅವೆ. ಯಾವ ಔಷ್ದಿ ಹಾಕ್ಲಿ ಹೇಳಿ."

ಹೇಳಲು ನಮಗೆ ಏನೂ ಗೊತ್ತಿರಲಿಲ್ಲ. ಮಧ್ಯಾಹ್ನ ಅವರ ಹೊಲಕ್ಕೆ ಹೋದೆವು. ಅಷ್ಟರಲ್ಲಿ ಗುಂಡಿ ತೋಡಿ ಮೀನು ಮುಚ್ಚಿದ್ದರು. ತಂತಿ ಬೇಲಿಗೆ ಮೂರು ಖಾಲಿ ಡಬ್ಬಿ ಸಿಕ್ಕಿಸಿದ್ದರು. ಒಂದು ಪ್ರೋಬಯಾಟಿಕ್, ಒಂದು 'ಗ್ರೋತ್ ಬೂಸ್ಟರ್', ಇನ್ನೊಂದು ಕೋಳಿ ಫಾರಂಗಳಲ್ಲಿ ಬಳಸುವ ಆಂಟಿಬಯಾಟಿಕ್. ಮೂರನ್ನೂ ಕೊಟ್ಟಿದ್ದು ಗೊಬ್ಬರದಂಗಡಿ. ಮರಿಗೆ ಕೊಟ್ಟ ದುಡ್ಡಿಗಿಂತ ಡಬ್ಬಿಗೆ ಕೊಟ್ಟಿದ್ದೇ ಹೆಚ್ಚು.

ಮನೆಗೆ ಬಂದು ನಮ್ಮದೇ ಹಳೆಯ ಬರಹ ತೆಗೆದು ಓದಿದೆವು. ಮರಿಯ ಬೆಲೆ ಇತ್ತು, ಮೀನಿನ ಬೆಲೆ ಇತ್ತು, ಸಬ್ಸಿಡಿ ಇತ್ತು. 'ಆಮ್ಲಜನಕ' ಎಂಬ ಪದ ಒಂದು ಸಲವೂ ಇರಲಿಲ್ಲ. ಆ ನಗುವ ರೈತರನ್ನು ಮತ್ತೆ ಹೋಗಿ ಕೇಳಿದಾಗ ಇನ್ನಷ್ಟು ಹೊರಬಂತು. ಅವರ ಬೋರ್‌ವೆಲ್‌ನಿಂದ ದಿನವೂ ಹೊಂಡಕ್ಕೆ ಹೊಸ ನೀರು ಬೀಳುತ್ತಿತ್ತು. ಲಕ್ಷದೊಳಗೆ ಅಕ್ಕಪಕ್ಕದವರಿಗೆ ಮರಿ ಮಾರಿದ ಹಣವೂ ಸೇರಿತ್ತು. ಖರ್ಚು ಕಳೆದಿರಲಿಲ್ಲ. ನಾವು ಕೇಳಿರಲೂ ಇಲ್ಲ.

ಅದಕ್ಕೇ ಈ ಬರಹ. ಇದರಲ್ಲಿ ಅಂಗಡಿಯವರನ್ನು ಬೈಯುತ್ತೇವೆ, ಇಲಾಖೆಯನ್ನೂ ಬೈಯುತ್ತೇವೆ. ಆದರೆ ಮೊದಲ ಏಟು ನಮ್ಮ ಬೆನ್ನಿಗೇ ಬೀಳಬೇಕು.

ಮೊದಲು ಲೆಕ್ಕ ಮಾಡೋಣ

ಕೃಷಿ ಭಾಗ್ಯದಲ್ಲಿ ಕಟ್ಟಿಸಿದ ಹೊಂಡಗಳಲ್ಲಿ ದೊಡ್ಡ ಅಳತೆ ಎಂದರೆ 21 ಮೀಟರ್ ಉದ್ದ, 21 ಮೀಟರ್ ಅಗಲ. ಅಂದರೆ 441 ಚದರ ಮೀಟರ್, ಎಕರೆಯ ಹತ್ತನೇ ಒಂದು ಭಾಗಕ್ಕಿಂತ ಚೂರು ಹೆಚ್ಚು. ಕಾಟ್ಲಾ, ರೋಹು, ಮೃಗಾಲ್ ಕೂಡಿಸಿ ಸಾಕುವಾಗ, ಗಾಳಿಯಾಡಿಸುವ ಯಂತ್ರವಿಲ್ಲದಿದ್ದರೆ ಹೆಕ್ಟೇರಿಗೆ ಸುಮಾರು 5,000 ಬಲಿತ ಮರಿ ಎಂಬುದು ಬಹುಕಾಲದಿಂದ ಹೇಳಿಕೊಂಡು ಬಂದಿರುವ ಲೆಕ್ಕ. ಆ ಪ್ರಕಾರ ಈ ಹೊಂಡಕ್ಕೆ ಸುಮಾರು 220 ಮರಿ ಸಾಕು. ಫೋನ್ ಮಾಡಿದ ರೈತರು ಬಿಟ್ಟಿದ್ದು 2,000.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಮಾತನ್ನು ನಾವು ಖರ್ಚಿಗೆ ಮಾತ್ರ ಇಟ್ಟುಕೊಂಡಿದ್ದೇವೆ. ಮೀನಿಗೂ ಅದೇ ಮಾತು.

ಇನ್ನು ಲಕ್ಷದ ಕಥೆ. 220ರಲ್ಲಿ ನೂರಕ್ಕೆ ಎಂಬತ್ತು ಉಳಿದರೆ 176 ಮೀನು. ವರ್ಷಕ್ಕೆ ಮುಕ್ಕಾಲು ಕಿಲೋ ತೂಗಿದರೆ 132 ಕಿಲೋ. ಹೊಂಡದ ದಡದಲ್ಲೇ ಕಿಲೋಗೆ 120 ರೂಪಾಯಿ ಸಿಕ್ಕಿತು ಎಂದಿಟ್ಟುಕೊಳ್ಳಿ: 15,840 ರೂಪಾಯಿ. ಇದು ಖರ್ಚು ಕಳೆಯುವ ಮುಂಚಿನ ಮಾತು. ಅದೂ ವರ್ಷವಿಡೀ ನೀರಿದ್ದರೆ. ಮಳೆ ನೀರು ನಂಬಿದ ಹೊಂಡ ಮಾಘದ ಹೊತ್ತಿಗೆ ತಳ ಕಾಣುತ್ತದೆ. ಅದು ಕಟ್ಟಿಸಿದ್ದೇ ಬೆಳೆ ಬಾಡುವಾಗ ಒಂದೆರಡು ನೀರು ಕೊಡಲೆಂದು. ಬೆಳೆಗೆ ನೀರೆತ್ತಿದಷ್ಟೂ ಮೀನಿಗೆ ಜಾಗ ಕಡಿಮೆ.

132 ಕಿಲೋ ಮೀನು ಸಣ್ಣ ಮಾತಲ್ಲ. ಮನೆಮಂದಿ ತಿಂದು, ನೆಂಟರಿಗೆ ಕೊಟ್ಟು, ಮಿಕ್ಕಿದ್ದು ಮಾರಿ ಮಕ್ಕಳ ಫೀಸು ಕಟ್ಟಬಹುದು. ಅಷ್ಟನ್ನು ಅಷ್ಟೇ ಎಂದು ಬರೆದಿದ್ದರೆ ಆ ರೈತರು 220 ಮರಿ ಬಿಡುತ್ತಿದ್ದರು. ನಾವು ಲಕ್ಷ ಎಂದೆವು. ಅವರು ಲಕ್ಷದಿಂದ ಹಿಂದಕ್ಕೆ ಲೆಕ್ಕ ಹಾಕಿ 2,000 ಬಿಟ್ಟರು. ಅವರ ಗಣಿತ ಸರಿಯಾಗಿಯೇ ಇತ್ತು. ನಮ್ಮ ಸುದ್ದಿ ತಪ್ಪಿತ್ತು.

ಆ ರಾತ್ರಿ ಏನಾಯಿತು?

ಹೊಂಡದ ನೀರು ಹಸಿರಾಗಿದ್ದರೆ ಮೀನಿಗೆ ಒಳ್ಳೆಯದು ಎನ್ನುತ್ತಾರೆ. ಅರ್ಧ ನಿಜ. ಹಸಿರು ಪಾಚಿಕಣಗಳು ಹಗಲು ಬಿಸಿಲಲ್ಲಿ ಆಮ್ಲಜನಕ ಕೊಡುತ್ತವೆ. ಕತ್ತಲಾದ ಮೇಲೆ ಅವೂ ಮೀನಿನ ಜೊತೆ ಸೇರಿ ಅದನ್ನೇ ಉಸಿರಾಡುತ್ತವೆ. ಹಾಗಾಗಿ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ ಇರುವುದು ಬೆಳಗಿನ ಜಾವ, ಸೂರ್ಯ ಹುಟ್ಟುವ ಮುಂಚೆ. ಕಾರ್ಪ್ ಜಾತಿಯ ಮೀನು ಚೆನ್ನಾಗಿ ಬೆಳೆಯಲು ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕ ಇರಬೇಕು. 3ಕ್ಕಿಂತ ಕೆಳಗಿಳಿದರೆ ಮೇವು ಬಿಡುತ್ತದೆ. ಇನ್ನೂ ಇಳಿದರೆ ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುತ್ತದೆ.

ಶ್ರಾವಣದಲ್ಲಿ ಮೂರ್ನಾಲ್ಕು ದಿನ ಜಿಟಿಜಿಟಿ ಮಳೆ, ಮೋಡ. ಬಿಸಿಲಿಲ್ಲ, ಹಗಲು ಆಮ್ಲಜನಕ ಕೂಡಿಲ್ಲ. ಮೀನು ಮೇವು ಮುಟ್ಟಿಲ್ಲ, ಆದರೂ ದಿನದ ಹಿಂಡಿ-ತೌಡು ತಪ್ಪದೆ ಬಿದ್ದಿದೆ. ಮಿಕ್ಕಿದ್ದು ತಳದಲ್ಲಿ ಕೊಳೆತಿದೆ, ಕೊಳೆಯಲೂ ಆಮ್ಲಜನಕ ಬೇಕು. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಕೊಳೆತದ್ದನ್ನು ಒಳಗೆಳೆದುಕೊಳ್ಳಲು ಮಣ್ಣೂ ಇಲ್ಲ. ಹತ್ತು ಪಟ್ಟು ಮೀನು. ನಾಲ್ಕನೇ ದಿನ ಬೆಳಗಿನ ಜಾವ ಎಲ್ಲವೂ ಉಸಿರುಕಟ್ಟಿ ಸತ್ತವು.

ಇದಕ್ಕೆ ಡಬ್ಬಿಯ ಔಷಧಿ ಎಲ್ಲಿದೆ? ಮೋಡ ಕಟ್ಟಿದ ದಿನ ಮೇವು ನಿಲ್ಲಿಸಬೇಕಿತ್ತು. ಇರುವ ಪಂಪಿನಿಂದ ಅದೇ ಹೊಂಡದ ನೀರನ್ನೇ ಎತ್ತಿ ರಾತ್ರಿ ಎರಡು ಗಂಟೆಯ ನಂತರ ಮೇಲಿಂದ ಬೀಳಿಸಬೇಕಿತ್ತು. ಬೆಳಗಿನ ಜಾವ ಟಾರ್ಚ್ ಹಿಡಿದು ಒಂದು ಸುತ್ತು ಬರಬೇಕಿತ್ತು. ಇದನ್ನು ಹೇಳಲು ಡಾಕ್ಟರೇಟ್ ಬೇಡ. ಆದರೆ ಯಾರಾದರೂ ಹೇಳಬೇಕು.

ಡಬ್ಬಿಯ ವ್ಯಾಪಾರ

ಅಂಗಡಿಯವರು ಹೇಳುವುದು ಇಷ್ಟು: "ರೈತರೇ ಬಂದು ಕೇಳ್ತಾರೆ, ಇಲ್ಲ ಅಂದ್ರೆ ಪಕ್ಕದ ಅಂಗಡಿಗೆ ಹೋಗ್ತಾರೆ." ನಿಜ. ಆದರೆ ಏನು ಮಾರುತ್ತಿದ್ದೀರಿ ಎಂದು ನಿಮಗಾದರೂ ಗೊತ್ತೇ?

ಆಂಟಿಬಯಾಟಿಕ್ಕನ್ನು ಮೇವಿನಲ್ಲಿ ಕಲಸಿ ಹಾಕಿ ಎನ್ನುತ್ತೀರಿ. ಕಾಯಿಲೆ ಬಿದ್ದ ಮೀನು ಮೊದಲು ಬಿಡುವುದೇ ಮೇವನ್ನು. ಔಷಧಿ ತಿನ್ನುವುದು ಗಟ್ಟಿಮುಟ್ಟಾದ ಮೀನು. ನೀರಿಗೇ ಸುರಿಯಿರಿ ಎಂದರೆ ಇನ್ನೂ ಕೆಟ್ಟದ್ದು. ಮೀನಿನ ಹಿಕ್ಕೆಯಿಂದ ಹುಟ್ಟುವ ಅಮೋನಿಯವನ್ನು ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳೇ ಮೊದಲು ಸಾಯುತ್ತವೆ. ಬದುಕಿದ ಮೀನಿನ ಮೈಯಲ್ಲಿ ಔಷಧಿಯ ಅಂಶ ಉಳಿಯುತ್ತದೆ, ಅದು ಸಂತೆಗೆ ಬಂದು ನಮ್ಮ ತಟ್ಟೆಗೆ ಬೀಳುತ್ತದೆ.

ಸುಣ್ಣದ ಕಥೆಯೂ ಹಾಗೆಯೇ. ಸುಣ್ಣ ಒಳ್ಳೆಯ ವಸ್ತು. ನೀರು ಹುಳಿಯಾಗಿದ್ದರೆ, ಹೊಂಡ ಸಿದ್ಧಮಾಡುವಾಗ ಬೇಕೇ ಬೇಕು. ಆದರೆ ಪಿಎಚ್ ನೋಡದೆ, ಮೀನು ಒದ್ದಾಡಿದಾಗೆಲ್ಲ ಸುಣ್ಣ ಎರಚುವುದು ಅಪಾಯ. ಪಿಎಚ್ ಒಂದು ಅಂಕ ಏರಿದರೆ ನೀರಿನ ಅಮೋನಿಯದಲ್ಲಿ ವಿಷವಾಗುವ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಕೋಳಿ ಗೊಬ್ಬರ ಸುರಿದ ಹೊಂಡಕ್ಕೆ ಮಟಮಟ ಮಧ್ಯಾಹ್ನ ಸುಣ್ಣ ಹಾಕಿದರೆ ಮದ್ದೇ ಮೀನನ್ನು ಕೊಲ್ಲುತ್ತದೆ.

ನಿಜವಾದ ರೋಗಗಳೇ ಇಲ್ಲವೆಂದು ನಾವು ಹೇಳುತ್ತಿಲ್ಲ. 1988ರಲ್ಲಿ ದೇಶಕ್ಕೆ ಕಾಲಿಟ್ಟ ಹುಣ್ಣು ರೋಗ ಈಗಲೂ ಚಳಿಗಾಲದಲ್ಲಿ ಮರುಕಳಿಸುತ್ತದೆ. ಅದಕ್ಕೆ ಭುವನೇಶ್ವರದ ಸಿಹಿನೀರು ಜಲಕೃಷಿ ಸಂಸ್ಥೆ 'ಸಿಫಾಕ್ಸ್' ಎಂಬ ಔಷಧಿಯನ್ನೇ ರೂಪಿಸಿದೆ. ಮೀನಿನ ಹೇನು ಮೈಗಂಟಿ ರಕ್ತ ಹೀರುವುದನ್ನು ಬರಿಗಣ್ಣಲ್ಲೇ ನೋಡಬಹುದು. ಆದರೆ ಯಾವ ರೋಗ ಎಂದು ತಿಳಿದ ಮೇಲೆ ತಾನೆ ಔಷಧಿ? ಮೈಮೇಲೆ ಗಾಯವಿಲ್ಲದೆ ಎಲ್ಲ ಮೀನೂ ಒಂದೇ ಬೆಳಗ್ಗೆ ಸತ್ತರೆ ಅದು ನೀರಿನ ತೊಂದರೆಯಾಗಿರುವುದೇ ಹೆಚ್ಚು. ದಿನಕ್ಕೆ ನಾಲ್ಕು, ಐದು ಎಂದು ಗಾಯದೊಂದಿಗೆ ಸಾಯುತ್ತಿದ್ದರೆ ರೋಗದ ಅನುಮಾನ ಪಡಬೇಕು. ಇಷ್ಟು ವ್ಯತ್ಯಾಸ ಹೇಳುವವರೂ ಹೋಬಳಿ ಮಟ್ಟದಲ್ಲಿ ನಮಗೆ ಸಿಗಲಿಲ್ಲ.

ಕಾನೂನೂ ಇಲ್ಲಿ ಅರೆನಿದ್ದೆಯಲ್ಲಿದೆ. ಕರಾವಳಿಯ ಸಿಗಡಿ ಕೊಳಗಳಿಗೆ 2005ರ ಕಾಯ್ದೆಯಿಂದ ಒಂದು ಪ್ರಾಧಿಕಾರವಿದೆ. ನಮ್ಮ ಕೆರೆ, ಹೊಂಡಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ವಿದೇಶಕ್ಕೆ ಹೋಗುವ ಸಿಗಡಿಗೆ ಇರುವ ಕಾವಲು ನಮ್ಮ ಸಂತೆಯ ಕಾಟ್ಲಾಗೆ ಇಲ್ಲ.

ಲಕ್ಷ ಮರಿ ಬಿಟ್ಟರಂತೆ, ಆಮೇಲೆ?

ಈಗ ಇಲಾಖೆಯ ಸರದಿ. ಕೆರೆ ತುಂಬಿದರೆ ಬಾಗಿನ, ಅದರ ಬೆನ್ನಿಗೇ ಮೀನುಮರಿ ಬಿಡುವ ಕಾರ್ಯಕ್ರಮ. ಶಾಸಕರು ಬಕೆಟ್ ಬಗ್ಗಿಸುವ ಫೋಟೊ. 'ಇಷ್ಟು ಲಕ್ಷ ಮರಿ ಬಿತ್ತನೆ' ಎಂಬ ಸುದ್ದಿ. ಈ ಸುದ್ದಿಯನ್ನೂ ನಾವೇ ಬರೆದಿದ್ದೇವೆ. ಆ ಮರಿ ಎಷ್ಟುದ್ದ ಇತ್ತು ಎಂದು ಒಮ್ಮೆಯೂ ಕೇಳಲಿಲ್ಲ.

ಕೇಳಬೇಕಾದ ಪ್ರಶ್ನೆ ಅದೇ. ಬಿಡಬೇಕಾದ್ದು ಬೆರಳುದ್ದ, ಅಂದರೆ ಎಂಟು-ಹತ್ತು ಸೆಂಟಿಮೀಟರ್ ಬಲಿತ ಮರಿ. ನಾವು ನೋಡಿದ ಬಕೆಟ್‌ಗಳಲ್ಲಿ ಇದ್ದದ್ದು ಉಗುರುದ್ದದ 'ಫ್ರೈ'. ಕೆರೆಯಲ್ಲಿ ಕೊರವ ಮೀನು ಕಾದಿರುತ್ತದೆ, ಒಳ್ಳೆ ಹಾವು, ನೀರುಕಾಗೆ, ಮಿಂಚುಳ್ಳಿ ಎಲ್ಲವೂ ಕಾದಿರುತ್ತವೆ. ನಿಷೇಧವಿದ್ದರೂ ಕದ್ದು ಸಾಕಿ ಕೆರೆಗೆ ಸೇರಿದ ಆಫ್ರಿಕನ್ ಕ್ಯಾಟ್‌ಫಿಶ್ ಬೇರೆ. ಅಲ್ಲಿಗೆ ಲಕ್ಷ ಮರಿ ಬಿಡುವುದು ಎಂದರೆ ಅವುಗಳಿಗೆ ಊಟ ಹಾಕಿದಂತೆ. ಕಡತದಲ್ಲಿ ಮಾತ್ರ ಗುರಿ ಸಾಧನೆ.

ಆಂಧ್ರದ ಕೊಲ್ಲೇರು ಸುತ್ತಿನ ರೈತರನ್ನು ನೋಡಿ. ಅವರು ಮರಿಯನ್ನು ಒತ್ತೊತ್ತಾಗಿ ಇಟ್ಟು ವರ್ಷದ ತನಕ ಹಿಡಿದಿಟ್ಟು, ಆಮೇಲೆ ದೊಡ್ಡ ಕೊಳಕ್ಕೆ ಬಿಡುತ್ತಾರೆ. ಜಾಗ ಸಿಕ್ಕ ಕೂಡಲೇ ಅವು ಸರ್ರನೆ ಬೆಳೆಯುತ್ತವೆ. ತೌಡನ್ನು ತೂತು ಮಾಡಿದ ಚೀಲದಲ್ಲಿ ತುಂಬಿ ಬಿದಿರು ಗಳಕ್ಕೆ ಕಟ್ಟುತ್ತಾರೆ. ಮೀನು ಬಂದು ಕುಕ್ಕಿ ತಿನ್ನುತ್ತದೆ, ಎಷ್ಟು ತಿಂದಿತು ಎಂದು ಚೀಲವೇ ಹೇಳುತ್ತದೆ. ನಮ್ಮ ಸಂತೆಗಳಿಗೆ ಐಸ್ ಹಾಕಿ ಬರುವ ರೋಹು ಬೆಳೆಯುವುದು ಹೀಗೆ. ಅದರಲ್ಲಿ ಯಾವ ಗುಟ್ಟೂ ಇಲ್ಲ.

ತಳಿಯ ಮಾತೂ ಇದೆ. ನಾವು ಸಾಕುವ ಸಾಮಾನ್ಯ ಗೆಂಡೆ ಆರು ತಿಂಗಳಿಗೇ ಮೊಟ್ಟೆ ಕಟ್ಟುತ್ತದೆ, ತಿಂದದ್ದೆಲ್ಲ ಮೊಟ್ಟೆಗೆ ಹೋಗಿ ಮೈ ಬೆಳೆಯುವುದಿಲ್ಲ. ಇದಕ್ಕೆಂದೇ ಹೆಸರಘಟ್ಟದ ಸಂಶೋಧನಾ ಕೇಂದ್ರದಲ್ಲಿ ಹಂಗೇರಿ ಮೂಲದ 'ಅಮೂರ್' ತಳಿಯನ್ನು ಅಭಿವೃದ್ಧಿಪಡಿಸಿದರು. ತಡವಾಗಿ ಬಲಿಯುತ್ತದೆ, ಬೇಗ ತೂಗುತ್ತದೆ. ಭುವನೇಶ್ವರದ 'ಜಯಂತಿ' ರೋಹು 1997ರಿಂದ ಇದೆ. ಬೆಂಗಳೂರಿನ ಪಕ್ಕದಲ್ಲೇ ಹುಟ್ಟಿದ ತಳಿಯ ಹೆಸರನ್ನು ನಾವು ಮಾತಾಡಿಸಿದ ಹೊಂಡದ ರೈತರಲ್ಲಿ ಒಬ್ಬರೂ ಕೇಳಿರಲಿಲ್ಲ. ಗ್ರೋತ್ ಬೂಸ್ಟರ್ ಡಬ್ಬಿಯ ಹೆಸರು ಎಲ್ಲರಿಗೂ ಬಾಯಿಪಾಠ.

ಸಿಬ್ಬಂದಿ ಇಲ್ಲ ಎನ್ನುತ್ತಾರೆ ಅಧಿಕಾರಿಗಳು. ಒಪ್ಪುತ್ತೇವೆ. ಒಬ್ಬರಿಗೆ ಇಡೀ ತಾಲ್ಲೂಕು, ಜೊತೆಗೆ ಕೆರೆ ಟೆಂಡರಿನ ಕಾಗದ. ಆದರೆ ಕಾರ್ಯಕ್ರಮಕ್ಕೆ ಶಾಮಿಯಾನ ಹಾಕಿಸಲು ಪುರುಸೊತ್ತಿದ್ದರೆ, ಮರಿ ಕೊಡುವ ದಿನ ಅರ್ಧ ಗಂಟೆ ನೀರಿನ ಪಾಠ ಹೇಳಲೂ ಪುರುಸೊತ್ತು ಸಿಗಬೇಕು.

ನಾವು ಕೇಳುವುದು

ಒಂದು, ಮರಿ ವಿತರಣೆಯ ರಸೀದಿಯಲ್ಲಿ ಸಂಖ್ಯೆಯ ಜೊತೆ ಉದ್ದವನ್ನೂ ತಳಿಯನ್ನೂ ಬರೆಯಿರಿ. ಹೊಂಡದ ಅಳತೆ ಕೇಳದೆ ಮರಿ ಕೊಡಬೇಡಿ.

ಎರಡು, ಸಾಧನೆಯನ್ನು ಬಿಟ್ಟ ಮರಿಯಿಂದ ಅಳೆಯುವುದು ನಿಲ್ಲಿಸಿ. ಹಿಡಿದ ಮೀನಿನ ತೂಕ ಹೇಳಿ.

ಮೂರು, ಪ್ರತಿ ರೈತ ಸಂಪರ್ಕ ಕೇಂದ್ರದಲ್ಲಿ ಪಿಎಚ್, ಅಮೋನಿಯ, ಆಮ್ಲಜನಕ ನೋಡುವ ಒಂದು ಕಿಟ್ ಇಡಿ. ಮಣ್ಣು ಪರೀಕ್ಷೆಗೆ ಇರುವ ಬುದ್ಧಿ ನೀರಿಗೂ ಇರಲಿ.

ನಾಲ್ಕು, ಮೀನಿಗೆಂದು ಆಂಟಿಬಯಾಟಿಕ್ ಮಾರುವುದು ತಜ್ಞರ ಚೀಟಿ ಇಲ್ಲದೆ ನಡೆಯಕೂಡದು. ತಪಾಸಣೆ ಅಂಗಡಿಯಲ್ಲೂ ಆಗಲಿ, ಸಂತೆಯಲ್ಲೂ ಆಗಲಿ.

ರೈತರಿಗೂ ಒಂದು ಮಾತು. ಕಿಟ್ ಬರುವ ತನಕ ನಿಮ್ಮ ಕೈಯೇ ಕಿಟ್. ಬೆಳಗ್ಗೆ ಹತ್ತರ ಬಿಸಿಲಲ್ಲಿ ಮೊಣಕೈವರೆಗೆ ಕೈ ನೀರಿಗಿಳಿಸಿ, ಅಂಗೈ ಅಡ್ಡ ಹಿಡಿದು ನೋಡಿ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮಸುಕಾದರೆ ಸರಿ ಇದೆ. ಮಣಿಕಟ್ಟಿಗೇ ಮರೆಯಾದರೆ ಹಸಿರು ಅತಿಯಾಗಿದೆ, ಗೊಬ್ಬರ, ಮೇವು ನಿಲ್ಲಿಸಿ. ಮೊಣಕೈ ದಾಟಿದರೂ ಬೆರಳು ಎಣಿಸುವಂತಿದ್ದರೆ ನೀರಲ್ಲಿ ಮೀನಿಗೆ ಆಹಾರವಿಲ್ಲ. ತಿಂಗಳಿಗೊಮ್ಮೆ ಬೀಸುಬಲೆ ಹಾಕಿ ಇಪ್ಪತ್ತು ಮೀನು ತೂಗಿ, ಹೊಂಡದ ಮೀನಿನ ಒಟ್ಟು ತೂಕ ಅಂದಾಜು ಮಾಡಿ ನೂರಕ್ಕೆ ಎರಡರಂತೆ ಮೇವು ಹಾಕಿ.

ಕೊನೆಗೆ ನಮ್ಮದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನಬಹುದು ನೀವು, ಅನ್ನಿ. ಆ ಹಳೆಯ ಬರಹವನ್ನು ಅಳಿಸಿಲ್ಲ. ಅದರ ತಲೆಯ ಮೇಲೆ ಈ ಲೆಕ್ಕ ಹಾಕಿದ್ದೇವೆ, 15,840ನ್ನು ದಪ್ಪ ಅಕ್ಷರದಲ್ಲಿ. ಇನ್ನು ಮುಂದೆ ಖರ್ಚು ಕೇಳದೆ ಆದಾಯ ಬರೆಯುವುದಿಲ್ಲ. ಒಂದು ಫಸಲು ಕೈಕೊಟ್ಟ ಕಥೆಯನ್ನೂ ಕೇಳದೆ ಯಾರ ಯಶಸ್ಸನ್ನೂ ಬರೆಯುವುದಿಲ್ಲ.

ಫೋನ್ ಮಾಡಿದ ಆ ರೈತರು ಈ ಸಲ ಮತ್ತೆ ಮರಿ ಬಿಟ್ಟಿದ್ದಾರೆ. 200. "ಈ ಸಲ ಫೋಟೊ ತೆಗಿಯಕ್ಕೆ ಬರಬ್ಯಾಡಿ ಸಾರ್, ತೂಕ ಮಾಡೋ ದಿನ ಬನ್ನಿ" ಅಂದಿದ್ದಾರೆ. ತಕ್ಕಡಿ ಹಿಡಿದುಕೊಂಡೇ ಹೋಗುತ್ತೇವೆ.