ಒಂಟಿಮನೆಗೆ ಕೋಟೆ ಯಾವುದು?

ಮನುಷ್ಯನು ಮನೆಯನ್ನು ಕಟ್ಟಿಕೊಂಡದ್ದು ಬಿಸಿಲು ಮಳೆಗಳಿಂದ ಮರೆಯಾಗುವದಕ್ಕಾಗಿ ಎಷ್ಟೋ, ಕದವಿಕ್ಕಿಕೊಂಡು ಒಂದು ರಾತ್ರಿ ನಿಶ್ಚಿಂತೆಯಿಂದ ನಿದ್ರಿಸುವದಕ್ಕಾಗಿಯೂ ಅಷ್ಟೇ. ಪೇಟೆಯ ಗೃಹಸ್ಥನಿಗೆ ಈ ನಿದ್ರೆಯು ಸುಲಭವಾಗಿ ದೊರೆಯುವದು. ಅವನ ಎಡಬಲಗಳಲ್ಲಿ ಮನೆಗಳಿವೆ, ಬೀದಿಗೆ ದೀಪವಿದೆ, ಕೂಗಿದರೆ ಓಗೊಡುವಷ್ಟು ಸಮೀಪದಲ್ಲಿ ಜನರಿದ್ದಾರೆ. ಆದರೆ ಮಲೆನಾಡಿನ ಅಡಕೆಯ ತೋಟದ ನಡುವೆ, ಕೊಡಗಿನ ಕಾಫಿಯ ಗುಡ್ಡದ ಓರೆಯಲ್ಲಿ, ಬಯಲುಸೀಮೆಯ ಹೊಲದ ನಡುವಣ ತೋಟದ ಮನೆಯಲ್ಲಿ ವಾಸಿಸುವ ಒಕ್ಕಲು ಮನೆತನದ ಗತಿ ಏನು? ಅನೇಕ ಕಡೆಗಳಲ್ಲಿ ಇಂದು ಅಂಥ ಮನೆಗಳಲ್ಲಿ ಉಳಿದಿರುವವರು ಮುದುಕ ಮುದುಕಿಯರಿಬ್ಬರೇ. ಮಕ್ಕಳು ಬೆಂಗಳೂರಿನಲ್ಲಿಯೋ ಸಮುದ್ರದಾಚೆಗೋ ಉದ್ಯೋಗದಲ್ಲಿದ್ದಾರೆ. ಇಂಥ ಒಂಟಿಮನೆಗಳ ರಕ್ಷಣೆಯ ವಿಚಾರವನ್ನು ನಮ್ಮ ವಾಚಕರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಸುಖದ ದಿನಗಳಲ್ಲಿ ಈ ಪ್ರಶ್ನೆಯು ಅಷ್ಟಾಗಿ ಬಾಧಿಸದು. ವಿಪತ್ತಿನ ದಿನಗಳಲ್ಲಿ ಅದರ ನಿಜವಾದ ಭಾರವು ತಿಳಿಯುವದು. ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಕಾಲೂರು, ಹಟ್ಟಿಹೊಳೆಗಳ ಸುತ್ತಿನಲ್ಲಿ ಗುಡ್ಡಗಳು ಕುಸಿದು ಬಿದ್ದವು. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿ ಬೆಳಗಾವಿ ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಊರುಗಳನ್ನು ನುಂಗಿದವು. ಇಂಥ ಸಮಯದಲ್ಲಿ ಮೊದಲು ವಿದ್ಯುತ್ತು ಹೋಗುವದು. ಅದರ ಹಿಂದೆಯೇ ದೂರವಾಣಿ ಮೂಕವಾಗುವದು. ಆಮೇಲೆ ರಸ್ತೆಯು ಕಡಿದುಹೋಗುವದು. ಸರಕಾರದ ಕೈ ಎಷ್ಟು ಉದ್ದವಾದರೂ ಎರಡು ಮೂರು ದಿನ ಅಲ್ಲಿಗೆ ಮುಟ್ಟುವದಿಲ್ಲ. ಮನೆಯಲ್ಲಿಯೇ ಇದ್ದರೆ ಪ್ರಾಣಕ್ಕೆ ಭಯ. ಬಿಟ್ಟು ಹೋದರೆ ದನಕರು, ಕಾಳುಕಡಿ, ಒಡವೆ ವಸ್ತುಗಳಿಗೆ ಕಳ್ಳರ ಭಯ. ಈ ಎರಡನೆಯ ಭಯದಿಂದಲೇ ಎಷ್ಟೋ ಜನರು ನೀರು ಹೊಸ್ತಿಲಿಗೆ ಬಂದರೂ ಮನೆಯಿಂದ ಕದಲದೆ ಕೂಡುವರು. ಆದುದರಿಂದ ಮನೆಯ ಭದ್ರತೆಯೆಂಬುದು ಬರಿಯ ಆಸ್ತಿಯ ಪ್ರಶ್ನೆಯಲ್ಲ. ಅನೇಕ ವೇಳೆ ಅದು ಪ್ರಾಣದ ಪ್ರಶ್ನೆಯೇ ಆಗಿದೆ.

ನಮ್ಮ ಹಿರಿಯರಿಗೆ ಈ ವಿಚಾರವು ಹೊಸದಾಗಿರಲಿಲ್ಲ. ಪುಂಡರೂ ಪೆಂಢಾರರೂ ತಿರುಗಾಡುತ್ತಿದ್ದ ಕಾಲದಲ್ಲಿ ಉತ್ತರ ಕರ್ನಾಟಕದ ಊರೂರಿಗೆ ಹುಡೇವುಗಳನ್ನು ಕಟ್ಟಿದರು. ಮಣ್ಣು ಕಲ್ಲುಗಳ ಆ ದುಂಡು ಬುರುಜುಗಳನ್ನು ಹಲವು ಹಳ್ಳಿಗಳಲ್ಲಿ ಇಂದಿಗೂ ಕಾಣಬಹುದು. ಊರಿಗೊಂದು ಅಗಸಿ, ಅಗಸಿಗೊಬ್ಬ ತಳವಾರ. ಕಾಳನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಹುಡುಕಿ ಬಂದವನಿಗೆ ಅದು ಸುಲಭವಾಗಿ ಕಾಣುತ್ತಿರಲಿಲ್ಲ. ಕೊಡಗಿನ ಐನ್‌ಮನೆಗೆ ಹೋಗುವ ದಾರಿಯು ಎರಡು ಕಡೆಗೆ ಎತ್ತರವಾದ ದಂಡೆಗಳುಳ್ಳ ಇಕ್ಕಟ್ಟಾದ ಓಣಿ. ಹತ್ತು ಜನ ಬಂದರೂ ಒಬ್ಬರ ಹಿಂದೊಬ್ಬರು ಬರಬೇಕು. ಮಲೆನಾಡಿನ ತೊಟ್ಟಿಮನೆಯು ಬೆಳಕನ್ನೂ ಗಾಳಿಯನ್ನೂ ನಡುವಣ ಅಂಗಳದಿಂದ ಪಡೆಯುವದು. ಹೊರಗೋಡೆಗೆ ಕಿಟಕಿಗಳು ಕಡಿಮೆ, ಹೆಬ್ಬಾಗಿಲು ಒಂದೇ.

ಇವೆಲ್ಲವುಗಳನ್ನು ಒಟ್ಟಿಗೆ ನೋಡಿದರೆ ಎರಡು ತತ್ತ್ವಗಳು ಹೊರಡುವವು. ಒಡೆಯಲಾರದ ಗೋಡೆ ಎಂಬುದು ಲೋಕದಲ್ಲಿಲ್ಲವೆಂಬುದನ್ನು ಹಿರಿಯರು ಬಲ್ಲರು. ಬಂದವನನ್ನು ತಡಮಾಡಿಸುವದು, ಅವನು ಬಂದನೆಂಬ ಸುದ್ದಿಯನ್ನು ಬೇಗ ಹಬ್ಬಿಸುವದು, ಇಷ್ಟೇ ಅವರ ಉದ್ದೇಶ. ಎರಡನೆಯದಾಗಿ, ಊರ ಹುಡೇವು ಒಬ್ಬನೇ ಕೂತುಕೊಳ್ಳುವದಕ್ಕೆ ಕಟ್ಟಿದ್ದಲ್ಲ. ಮೇಲಿನಿಂದ ಕಾವಲುಗಾರನು ಕೂಗಿದರೆ ಕೆಳಗೆ ಎದ್ದು ಬರುವ ಊರೊಂದು ಇರಬೇಕು. ಆ ಊರಿಲ್ಲದಿದ್ದರೆ ಹುಡೇವು ಮಣ್ಣಿನ ಗುಡ್ಡೆಯೇ ಸರಿ.

ಈಗ ನಮ್ಮ ಮನೆಗಳನ್ನು ನೋಡೋಣ. ಮುಂಬಾಗಿಲಿಗೆ ಕೆತ್ತನೆಯ ತೇಗದ ಕದ, ಹಿತ್ತಲ ಬಾಗಿಲಿಗೆ ತೆಳು ಹಲಗೆ! ಕಳ್ಳನು ಬರುವದು ಹಿತ್ತಲಿನಿಂದಲೇ ಎಂಬುದನ್ನು ಮನೆ ಕಟ್ಟಿಸಿದವನು ಮರೆತಿರುವನು. ಬೀಗವು ಎಷ್ಟು ಬೆಲೆಯದಾದರೂ ಬಿಜಾಗರಿಯನ್ನೂ ಚಿಲಕವನ್ನೂ ಗಿಡ್ಡ ತಿರುಪುಮೊಳೆಗಳಿಂದ ಹೊಡೆದಿದ್ದರೆ ಒಂದು ಹಾರೆಯ ಮೀಟಿಗೆ ಅವು ಕಿತ್ತು ಬರುವವು. ಮೊಳೆಯು ಚೌಕಟ್ಟನ್ನು ಆಳವಾಗಿ ಹಿಡಿದಿರಬೇಕು, ಚೌಕಟ್ಟು ಗೋಡೆಯನ್ನು ಹಿಡಿದಿರಬೇಕು. ಒಳಗಿನಿಂದ ಅಡ್ಡ ಹಾಕುವ ಹಳೆಯ ಅಗಳಿಯನ್ನು ನಾವು ಹಳ್ಳಿಗಾಡಿನದೆಂದು ತೆಗೆದುಹಾಕಿದೆವು. ಅದಕ್ಕೆ ಸಮನಾದ ಭದ್ರತೆಯು ಇಂದಿಗೂ ಅಪರೂಪವೇ. ಹಾರೆ, ಗುದ್ದಲಿ, ಏಣಿಗಳನ್ನು ಕೊಟ್ಟಿಗೆಯ ಹೊರಗೆ ಬಿಡುವ ರೂಢಿಯಂತೂ ಕಳ್ಳನಿಗೆ ಆಯುಧಗಳನ್ನು ನಾವೇ ಒದಗಿಸಿದಂತೆ. ಕಿಟಕಿಯ ಕೆಳಗಿನ ಪೊದೆಗಳನ್ನು ಸವರಬೇಕು. ಹಂಚಿನ ಮಾಡಿಗೆ ಬಾಗಿದ ಕೊಂಬೆಗಳನ್ನು ಕಡಿಯಬೇಕು. ಕಿಟಕಿಗಳಿಗೆಲ್ಲ ಕಬ್ಬಿಣದ ಸಲಾಕೆಗಳನ್ನು ಹಾಕುವವರು, ಬೆಂಕಿ ಬಿದ್ದರೆ ಅಥವಾ ಗುಡ್ಡ ಜಾರಿದರೆ ಮನೆಯವರು ಪಾರಾಗುವ ಒಂದು ದಾರಿಯನ್ನು ಒಳಗಿನಿಂದ ತೆರೆಯುವಂತೆ ಇಟ್ಟುಕೊಳ್ಳಲೇಬೇಕು. ಹೊರಗಿನವನು ಒಳಗೆ ಬಾರದಂತೆ ಮಾಡುವ ಭರದಲ್ಲಿ ಒಳಗಿನವನು ಹೊರಗೆ ಹೋಗದಂತೆ ಮಾಡಿಕೊಂಡರೆ ಅದು ಮನೆಯಲ್ಲ, ಸೆರೆಮನೆ.

ವಿದ್ಯುತ್ತನ್ನು ನಂಬದೆ ಉರಿಯುವ ದೀಪ, ಎಚ್ಚರವುಳ್ಳ ನಾಯಿ, ದೂರಕ್ಕೆ ಕೇಳುವ ಶಂಖ ಅಥವಾ ಜಾಗಟೆ, ಈ ಮೂರೂ ದೊಡ್ಡ ವೆಚ್ಚದವಲ್ಲ. ಮಳೆಗಾಲಕ್ಕೆ ಮುಂಚೆ ಒಡವೆಗಳನ್ನು ಬ್ಯಾಂಕಿಗೂ, ಜಮೀನಿನ ಕಾಗದಗಳ ನಕಲುಗಳನ್ನು ನಂಬಿಗೆಯ ಆಪ್ತರಿಗೂ ಒಪ್ಪಿಸಿದರೆ ಕಾಯಬೇಕಾದ ಭಾರವೇ ಕಡಿಮೆಯಾಗುವದು. ಮನೆಯಲ್ಲಿ ಇಲ್ಲದ್ದನ್ನು ಯಾವ ಕಳ್ಳನೂ ಕದಿಯಲಾರ.

ಆಯುಧದ ಮಾತಿಗೆ ಬರೋಣ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ಬಹು ಕಾಲದಿಂದ ವಿನಾಯಿತಿಯಿದೆ. ಕೇಂದ್ರ ಸರಕಾರವು ೨೦೧೯ರಲ್ಲಿ ಅದನ್ನು ೨೦೨೯ರ ವರೆಗೆ ಮುಂದುವರಿಸಿದೆ. ಉಳಿದವರಿಗೆ ಪರವಾನಗಿ ಬೇಕು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು, ಹಿಂದಿನ ದಂಡಸಂಹಿತೆಯಂತೆಯೇ, ತನ್ನ ಶರೀರವನ್ನೂ ಸ್ವತ್ತನ್ನೂ ಕಾಪಾಡಿಕೊಳ್ಳುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಸೂರ್ಯಾಸ್ತದಿಂದ ಸೂರ್ಯೋದಯದ ವರೆಗೆ ಮನೆ ಮುರಿದು ನುಗ್ಗುವವನ ವಿಷಯದಲ್ಲಿ ಈ ಹಕ್ಕು ಬಹು ವಿಶಾಲವಾಗಿದೆ. ಆದರೆ ರಕ್ಷಣೆಗೆ ಎಷ್ಟು ಅವಶ್ಯವೋ ಅದಕ್ಕಿಂತ ಹೆಚ್ಚಿನ ಅಪಾಯವನ್ನು ಮಾಡಲು ಅದು ಒಪ್ಪುವದಿಲ್ಲ. ಅಧಿಕಾರಿಗಳನ್ನು ಕರೆಯಲು ಸಮಯವಿದ್ದಲ್ಲಿ ಕರೆಯಲೇಬೇಕು. ನುಗ್ಗಿದವನು ಹೊರಟುಹೋದ ಮೇಲೆ ಹಿಂದಟ್ಟಿ ಸೇಡು ತೀರಿಸಿಕೊಳ್ಳುವದು ರಕ್ಷಣೆಯೆನಿಸದು. ಬೇಲಿಗೆ ನೇರವಾಗಿ ವಿದ್ಯುತ್ತಿನ ತಂತಿಯನ್ನು ಕೊಡುವ ದುರಭ್ಯಾಸವನ್ನಂತೂ ನಾವು ಬಲವಾಗಿ ಖಂಡಿಸುತ್ತೇವೆ. ಅದು ಕಾನೂನಿಗೆ ವಿರುದ್ಧ. ಕತ್ತಲೆಯಲ್ಲಿ ಆ ತಂತಿಗೆ ಕಳ್ಳ ಯಾರು, ದನ ಕಾಯುವ ಹುಡುಗ ಯಾರು, ಸಹಾಯಕ್ಕೆ ಓಡಿ ಬಂದ ನೆರೆಯವನು ಯಾರು ಎಂಬ ವಿವೇಕವಿರುವದಿಲ್ಲ.

ಇಷ್ಟನ್ನೆಲ್ಲ ಮಾಡಿದ ಮೇಲೂ ಮುಖ್ಯವಾದುದು ಉಳಿದೇ ಇದೆ. ಬೀದರ ಜಿಲ್ಲೆಯ ಎರಡು ಸಂಗತಿಗಳನ್ನು ವಾಚಕರು ಒಂದರ ಪಕ್ಕದಲ್ಲೊಂದನ್ನಿಟ್ಟು ನೋಡಬೇಕೆಂದು ಪ್ರಾರ್ಥಿಸುತ್ತೇವೆ. ೧೯೪೮ರ ಮೇ ತಿಂಗಳಲ್ಲಿ, ಹೈದರಾಬಾದು ಸಂಸ್ಥಾನವು ಇನ್ನೂ ಭಾರತದಲ್ಲಿ ಸೇರದಿದ್ದಾಗ, ಗೋರಟಾ ಎಂಬ ಹಳ್ಳಿಯ ಮೇಲೆ ರಝಾಕಾರರು ಬಿದ್ದು ಅನೇಕರನ್ನು ಕೊಂದರು. ಆ ದಿನ ಊರೊಳಗಿನ ದಪ್ಪ ಗೋಡೆಯ ದೊಡ್ಡ ಮನೆಯೊಂದು ತನ್ನ ಬಾಗಿಲನ್ನು ನೆರೆಯವರಿಗೆ ತೆರೆಯಿತು; ಅದರೊಳಗೆ ಸೇರಿದವರು ಬದುಕಿದರು. ಆ ಮನೆಯ ಗೋಡೆಯು ಗಟ್ಟಿಯಾಗಿದ್ದುದು ನಿಜ. ಆದರೆ ಒಡೆಯನು ತನ್ನ ಹೆಂಡಿರು ಮಕ್ಕಳನ್ನಷ್ಟೇ ಒಳಗೆ ಕರೆದುಕೊಂಡು ಅಗಳಿ ಹಾಕಿದ್ದರೆ ಇತಿಹಾಸವು ಆ ಗೋಡೆಯನ್ನು ಇಂದು ನೆನೆಯುತ್ತಿತ್ತೇ?

ಎಪ್ಪತ್ತು ವರ್ಷಗಳ ಅನಂತರ, ೨೦೧೮ರ ಜುಲೈ ತಿಂಗಳಲ್ಲಿ, ಅದೇ ಜಿಲ್ಲೆಯ ಮುರ್ಕಿ ಎಂಬ ಹಳ್ಳಿಯಲ್ಲಿ ನಡೆದದ್ದು ಬೇರೆ ಬಗೆಯದು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿಯು ಆ ದಿನಗಳಲ್ಲಿ ಕೈಫೋನುಗಳ ಮೂಲಕ ನಾಡೆಲ್ಲ ಹಬ್ಬಿತ್ತು. ಹೈದರಾಬಾದಿನಿಂದ ಬಂದಿದ್ದ ಕೆಲವರು ಗೆಳೆಯರು ಹಾದಿಯಲ್ಲಿ ಶಾಲೆಯ ಮಕ್ಕಳಿಗೆ ಮಿಠಾಯಿ ಕೊಟ್ಟರು. ಅಷ್ಟಕ್ಕೇ ಸಂಶಯವೆದ್ದಿತು, ಸಂಶಯವು ಗುಂಪಾಯಿತು, ಗುಂಪು ದಾರಿಯನ್ನು ಅಡ್ಡಗಟ್ಟಿತು. ಅವರಲ್ಲೊಬ್ಬ ತರುಣನು ಪೆಟ್ಟು ತಿಂದು ಪ್ರಾಣ ಬಿಟ್ಟನು. ಬಿಡಿಸಲು ಹೋದ ಪೋಲೀಸರಿಗೂ ಗಾಯಗಳಾದವು. ಆ ಊರವರೂ ತಮ್ಮ ಮನೆಗಳನ್ನು ರಕ್ಷಿಸುತ್ತಿದ್ದೇವೆಂದೇ ತಿಳಿದಿದ್ದರು! ಗೋರಟಾದಲ್ಲಿ ಭಯವು ನಿಜವಾಗಿತ್ತು, ಬಾಗಿಲು ತೆರೆಯಿತು. ಮುರ್ಕಿಯಲ್ಲಿ ಭಯವು ಸುಳ್ಳಾಗಿತ್ತು, ದಾರಿಯು ಮುಚ್ಚಿತು. ಯಾವನು ಕಳ್ಳ, ಯಾವನು ದಾರಿಗ ಎಂಬುದನ್ನು ವಿಚಾರಿಸುವ ತಾಳ್ಮೆಯು ಅಗಳಿಗಿಂತಲೂ ಮೊದಲು ಮನೆಯಲ್ಲಿರಬೇಕು.

ಒಂದು ಮನೆಗೆ ಹೇಳಿದ ಮಾತು ನಾಡಿಗೂ ಸಲ್ಲುವದು. ೨೦೨೦ರ ಮಾರ್ಚಿಯಲ್ಲಿ ಕೊರೋನಾ ಸೋಂಕಿನ ಹೆದರಿಕೆಗೆ ನಮ್ಮ ಹಳ್ಳಿಗಳು ದಾರಿಗಳಿಗೆ ಮುಳ್ಳು ಹಾಕಿದವು. ಅದೇ ಹೆದರಿಕೆಯಿಂದ ಕಾಸರಗೋಡಿನಿಂದ ಮಂಗಳೂರಿಗೆ ಬರುವ ದಾರಿಗಳನ್ನು ಮುಚ್ಚಿ, ಕೆಲವೆಡೆಗೆ ಮಣ್ಣು ಸುರಿಯಲಾಯಿತು. ಸೋಂಕನ್ನು ತಡೆಯಬೇಕೆಂಬ ಉದ್ದೇಶವನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ ರೋಗಿಗಳು, ಅವರಲ್ಲಿ ನಮ್ಮ ಕಾಸರಗೋಡಿನ ಕನ್ನಡಿಗರೂ ಸೇರಿ, ಗಡಿಯಾಚೆಗೆ ನಿಂತರು. ದಾರಿ ದೊರೆಯದೆ ರೋಗಿಗಳು ಸತ್ತ ವಾರ್ತೆಗಳೂ ಬಂದವು. ವಿವಾದವು ಸರ್ವೋಚ್ಚ ನ್ಯಾಯಾಲಯದ ವರೆಗೆ ಹೋಗಿ, ಏಪ್ರಿಲಿನಲ್ಲಿ ತಲಪಾಡಿಯ ದಾರಿಯು ರೋಗಿಗಳಿಗೆ ತೆರೆಯಬೇಕಾಯಿತು. ಬಾಗಿಲಿಲ್ಲದ ಬೇಲಿಯು ಶತ್ರುವಿಗಿಂತ ಮೊದಲು ಬಂಧುವನ್ನು ಕೊಲ್ಲುವದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ?

ಹಾಗಾದರೆ ಮಾಡತಕ್ಕದ್ದೇನು? ತಳವಾರಿಕೆಯೇ ಮೊದಲಾದ ಪರಂಪರೆಯ ಹುದ್ದೆಗಳನ್ನು ೧೯೬೧ರ ಕಾನೂನು ರದ್ದುಪಡಿಸಿತು. ವಂಶವಂಶಕ್ಕೆ ಒಂದೇ ಕುಲದ ತಲೆಯ ಮೇಲೆ ಊರ ಕಾವಲನ್ನು ಹೊರಿಸಿದ ಪದ್ಧತಿಯು ಹೋದದ್ದು ನ್ಯಾಯವೇ. ಆದರೆ ಅದು ಹೋದ ಸ್ಥಳದಲ್ಲಿ ಊರವರೆಲ್ಲರ ಕಾವಲು ಬರಬೇಕಾಗಿತ್ತು. ಎಷ್ಟು ಊರುಗಳಲ್ಲಿ ಬಂದಿದೆ? ಗ್ರಾಮರಕ್ಷಣಾ ದಳಗಳನ್ನು ಕಟ್ಟುವದಕ್ಕೆ ನಮ್ಮ ರಾಜ್ಯದಲ್ಲಿ ೧೯೬೪ರಲ್ಲಿಯೇ ಕಾನೂನು ಆಗಿದೆ. ಕಾನೂನು ಪುಸ್ತಕದಲ್ಲಿದ್ದು ದಳವು ಊರಲ್ಲಿರದಿದ್ದರೆ ಪ್ರಯೋಜನವೇನು? ಪೋಲೀಸರ ಮೇಲ್ವಿಚಾರಣೆಯಲ್ಲಿ, ಎಲ್ಲ ಜಾತಿ ಮತಗಳ ಜನರನ್ನು ಕೂಡಿಸಿಕೊಂಡು, ಇಂಥ ದಳಗಳು ಎದ್ದು ನಿಲ್ಲಬೇಕು. ಒಂದೇ ಪಂಗಡದ ದಳವು ಕಾವಲಲ್ಲ. ಅದು ಮತ್ತೊಂದು ಪಂಗಡದ ಭಯ.

ಈ ಕೆಲಸಕ್ಕೆ ನಾವು ವಿಶೇಷವಾಗಿ ಕರೆಯುವದು ಶಾಲಾ ಮಾಸ್ತರರನ್ನೂ ಪೇಟೆಯ ಸುಶಿಕ್ಷಿತರನ್ನೂ. ಯಾವ ಗುಡ್ಡದ ಮೇಲೆ ಯಾವ ಮುದುಕಿ ಒಬ್ಬಳೇ ಇದ್ದಾಳೆಂಬುದು ಆ ಊರಿನ ಮಾಸ್ತರರಿಗೆ ತಿಳಿದಷ್ಟು ತಾಲೂಕಿನ ಕಚೇರಿಗೆ ತಿಳಿಯದು. ಮೃಗಶಿರೆಗೆ ಮುಂಚೆ ಒಂಟಿಮನೆಗಳ ಪಟ್ಟಿಯನ್ನು ಮಾಡಿ ಪೋಲೀಸು ಠಾಣೆಗೂ ಪಂಚಾಯತಿಗೂ ಕೊಡಿರಿ. ಶಂಖದ ಒಂದು ಊದಿಗೆ ಏನು ಅರ್ಥ, ಎರಡಕ್ಕೆ ಏನು ಅರ್ಥ ಎಂದು ಊರವರೊಡನೆ ಕೂಡಿ ಗೊತ್ತುಮಾಡಿರಿ. ಮನೆ ಬಿಟ್ಟು ಹೋಗುವವರು ಬೀಗದ ಕೈಯನ್ನೂ ಕೊಟ್ಟಿಗೆಯ ದನಗಳನ್ನೂ ಯಾರಿಗೆ ಒಪ್ಪಿಸಬೇಕೆಂಬುದು ಮೊದಲೇ ನಿಶ್ಚಯವಾಗಿರಲಿ. ೧೧೨ಕ್ಕೆ ದೂರವಾಣಿ ಮಾಡುವದನ್ನು ಅಜ್ಜ ಅಜ್ಜಿಯರಿಗೆ ಕಲಿಸುವ ಕೆಲಸವನ್ನು ಏಳನೆಯ ಇಯತ್ತೆಯ ಹುಡುಗರಿಗೆ ವಹಿಸಿರಿ. ಗಾಳಿಸುದ್ದಿ ಬಂದಾಗ ಊರವರು ಮೊದಲು ನಿಮ್ಮ ಮನೆಗೆ ಬಂದು ವಿಚಾರಿಸುವಂತೆ ಇರಿ; ಅಂಥ ಒಬ್ಬ ಮಾಸ್ತರರ ಮಾತು ಮುರ್ಕಿಯ ದಾರಿಯಲ್ಲಿ ಒಂದು ಜೀವವನ್ನು ಉಳಿಸಬಹುದಾಗಿತ್ತು. ಪೇಟೆಯಲ್ಲಿರುವ ಮಕ್ಕಳು ತಿಂಗಳಿಗೊಮ್ಮೆ ಹಣ ಕಳಿಸಿ ಸುಮ್ಮನಾಗದೆ, ತಂದೆತಾಯಿಗಳ ನೆರೆಯವನ ಹೆಸರನ್ನೂ ದೂರವಾಣಿಯ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಲಿ. ಊರಿಗೆ ಹೋದಾಗ ಅವನ ಮನೆಗೂ ಹೋಗಿ ಬರಲಿ.

ಹೊಲದ ಬದುವಿಗಾಗಿ ನೆರೆಯವನೊಡನೆ ಹತ್ತು ವರ್ಷ ಕೋರ್ಟಿಗೆ ಅಲೆಯುವ ಗೃಹಸ್ಥನು ತನ್ನ ಕೋಟೆಯ ಅತಿ ದೊಡ್ಡ ಬುರುಜನ್ನು ತಾನೇ ಕೆಡವಿದ್ದಾನೆಂಬುದನ್ನು ತಿಳಿಯಲಿ. ಅಗಳಿಯು ಕಳ್ಳನನ್ನು ಅರ್ಧ ತಾಸು ತಡೆದೀತು. ಆ ಅರ್ಧ ತಾಸಿನಲ್ಲಿ ಓಡಿ ಬರುವವನೊಬ್ಬನು ಇರಬೇಕು. ಬಡಿಗನು ಮಾಡುವ ಕೆಲಸವನ್ನು ಈ ವಾರವೇ ಬಡಿಗನಿಂದ ಮಾಡಿಸಿರಿ. ಓಡಿ ಬರುವ ನೆರೆಯವನನ್ನು ಮಾತ್ರ ಮಳೆಗಾಲ ಬಂದ ಮೇಲೆ ಹುಡುಕಲಾಗದು.