ಓದಿನ ಗಂಟೆಗಳನ್ನು ಮನೆಯೇ ಕೊಡಬೇಕು



ಬೆಂಗಳೂರಿನ ಹೊರವಲಯ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಐಟಿ ಕಂಪೆನಿಗಳು ಮತ್ತು ಕಾರ್ಖಾನೆಗಳು. ಆದರೆ ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿ, ವೈಟ್‌ಫೀಲ್ಡ್‌ನ ಸತ್ಯಸಾಯಿ ಹಾಗೂ ವೈದೇಹಿ ಆಸ್ಪತ್ರೆಗಳು, ಪೀಣ್ಯದ ಇ.ಎಸ್.ಐ. ಆಸ್ಪತ್ರೆ ಕೂಡಾ ಇದೇ ಪ್ರದೇಶದಲ್ಲಿವೆ. ಇವುಗಳ ಜೊತೆಗೆ ಸಣ್ಣಪುಟ್ಟ ನರ್ಸಿಂಗ್ ಹೋಮ್‌ಗಳೂ ಲ್ಯಾಬ್‌ಗಳೂ ಇವೆ. ಇಂತಹ ಕಡೆಗಳಲ್ಲಿ ನರ್ಸ್ ಆಗಿ, ಲ್ಯಾಬ್ ಟೆಕ್ನೀಶಿಯನ್ ಆಗಿ, ಫಾರ್ಮಸಿ ಮತ್ತು ಬಿಲ್ಲಿಂಗ್ ವಿಭಾಗದಲ್ಲಿ ದುಡಿಯುವವರಲ್ಲಿ ನಮ್ಮ ಮನೆಗಳ ಹೆಣ್ಣುಮಕ್ಕಳೂ ಇದ್ದಾರೆ. ಅವರಲ್ಲಿ ಅನೇಕರಿಗೆ ಒಂದು ಆಸೆಯಿದೆ: ಕೆಲಸ ಬಿಡದೆ, ಮನೆಯನ್ನೂ ನೋಡಿಕೊಳ್ಳುತ್ತಾ ಆನ್‌ಲೈನ್‌ನಲ್ಲೋ ದೂರ ಶಿಕ್ಷಣದಲ್ಲೋ ಒಂದು ಸ್ನಾತಕೋತ್ತರ ಪದವಿ ಪಡೆಯಬೇಕು.

ಆಸೆ ಒಳ್ಳೆಯದೇ. ಹತ್ತು ವರ್ಷ ವಾರ್ಡ್‌ನಲ್ಲಿ ನಿಂತು ಕೆಲಸ ಮಾಡಿದ ಕಾಲುಗಳಿಗೆ ಮುಂದಿನ ಹತ್ತು ವರ್ಷಕ್ಕಾದರೂ ಒಂದು ಕುರ್ಚಿ ಬೇಡವೇ? ಆದರೆ ಈ ಆಸೆ ಹೊತ್ತ ಹೆಚ್ಚಿನವರು ಮೊದಲು ಕೇಳುವ ಪ್ರಶ್ನೆ "ಯಾವ ಕೋರ್ಸ್ ಒಳ್ಳೆಯದು?" ಎಂದು. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ. ಓದುವ ಗಂಟೆಗಳು ಎಲ್ಲಿಂದ ಬರಬೇಕು?

ಒಂದು ಸಣ್ಣ ಲೆಕ್ಕ ಹಾಕೋಣ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಓದು ಎಂದು ಲೆಕ್ಕ ಹಾಕುತ್ತದೆ. ಪುಸ್ತಕ ಓದುವುದು, ಪಾಠ ಕೇಳುವುದು, ಅಸೈನ್‌ಮೆಂಟ್ ಬರೆಯುವುದು ಎಲ್ಲವೂ ಇದರಲ್ಲಿ ಸೇರಿದೆ. 80 ಕ್ರೆಡಿಟ್‌ಗಳ ಸ್ನಾತಕೋತ್ತರ ಕೋರ್ಸ್ ಎಂದರೆ 2,400 ಗಂಟೆಗಳಾದವು. ಎರಡು ವರ್ಷದಲ್ಲಿ ಮುಗಿಸಬೇಕಾದರೆ ವಾರಕ್ಕೆ 23 ಗಂಟೆ ಓದಬೇಕು. ಆಸ್ಪತ್ರೆ ಕೆಲಸ, ಎರಡು ಮಕ್ಕಳು, ವಯಸ್ಸಾದ ಅತ್ತೆ-ಮಾವ ಇರುವ ಮನೆಯಲ್ಲಿ ಇದು ಆಗದ ಮಾತು. ಆದರೆ ಇಗ್ನೋದಲ್ಲಿ ಇಂತಹ ಹೆಚ್ಚಿನ ಕೋರ್ಸ್‌ಗಳನ್ನು ನಾಲ್ಕು ವರ್ಷಗಳ ಒಳಗೆ ಮುಗಿಸಲು ಅವಕಾಶವಿದೆ. ಹಾಗೆ ಮಾಡಿದರೆ ವಾರಕ್ಕೆ ಹನ್ನೊಂದೂವರೆ ಗಂಟೆ ಸಾಕು. ಆದ್ದರಿಂದ ಕೆಲಸದಲ್ಲಿರುವ ಸಹೋದರಿ ಮೊದಲ ದಿನವೇ ನಿರ್ಧರಿಸಬೇಕು, "ನಾನು ನಾಲ್ಕು ವರ್ಷ ತೆಗೆದುಕೊಳ್ಳುತ್ತೇನೆ" ಎಂದು. ನಾಲ್ಕು ವರ್ಷದಲ್ಲಿ ಪಡೆದ ಪದವಿಯ ಬೆಲೆ ಎರಡು ವರ್ಷದಲ್ಲಿ ಪಡೆದ ಪದವಿಗಿಂತ ಒಂದಿಷ್ಟೂ ಕಡಿಮೆಯಲ್ಲ.

ಇನ್ನು ಈ ಹನ್ನೊಂದೂವರೆ ಗಂಟೆಗಳನ್ನು ಎಲ್ಲಿಂದ ತರುವುದು? ಹೆಚ್ಚಿನವರು ಯಾರನ್ನೂ ಕೇಳದೆ ತಮ್ಮ ನಿದ್ದೆಯಿಂದ ತೆಗೆಯುತ್ತಾರೆ. ಯಾರಿಗೂ ತೊಂದರೆ ಇಲ್ಲವಲ್ಲ ಎಂಬ ಭಾವನೆ. ಆದರೆ ತೊಂದರೆ ಇದೆ. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಒಂದು ವಿಷಯ ತೋರಿಸಿಕೊಟ್ಟರು. ಸತತ 17 ಗಂಟೆ ಎಚ್ಚರವಿದ್ದವರ ಕೈ ಮತ್ತು ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ. 0.05 ಮದ್ಯವಿದ್ದವರಷ್ಟೇ ಕುಂದಿರುತ್ತದೆ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಕಾನೂನು ವಿಧಿಸಿರುವ ಮಿತಿ ಶೇ. 0.03 ಮಾತ್ರ! ಮದ್ಯವನ್ನು ಕೈಯಿಂದಲೂ ಮುಟ್ಟದ ಸಹೋದರಿಯೊಬ್ಬಳು ನಿದ್ದೆಗೆಟ್ಟು ಐಸಿಯುನಲ್ಲಿ ಔಷಧಿಯ ಪ್ರಮಾಣ ಅಳೆಯುವಾಗ ಅವಳ ಸ್ಥಿತಿ ಹೇಗಿರುತ್ತದೆ ಎಂದು ಯೋಚಿಸಿ. ಅಲ್ಲಿ ಮಲಗಿರುವ ರೋಗಿಯೂ ಯಾರದೋ ತಾಯಿ, ಯಾರದೋ ಮಗು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ರಾತ್ರಿ ಪಾಳಿಯ ಕೆಲಸವನ್ನೇ ಕ್ಯಾನ್ಸರ್‌ಗೆ ಬಹುಶಃ ಕಾರಣವಾಗಬಲ್ಲ ಸಂಗತಿಗಳ ಪಟ್ಟಿಗೆ 2007ರಲ್ಲಿ ಸೇರಿಸಿತು, 2019ರಲ್ಲಿ ಅದನ್ನು ಮತ್ತೆ ಎತ್ತಿ ಹಿಡಿಯಿತು. ಹೀಗಿರುವಾಗ ನೈಟ್ ಡ್ಯೂಟಿ ಮುಗಿಸಿ ಬಂದವಳು ಹಗಲಿನ ನಿದ್ದೆಯನ್ನೂ ಪುಸ್ತಕಕ್ಕೆ ಒಪ್ಪಿಸುವುದು ಜಾಣತನವಲ್ಲ. ನಿದ್ದೆಗೆ ಕೈ ಹಾಕಬೇಡಿ.

ಎರಡನೆಯ ಜಾಗ ಪ್ರಯಾಣ. ಇಲ್ಲಿ ಮೊದಲಿಗಿಂತ ಅನುಕೂಲವಾಗಿದೆ. ಪೀಣ್ಯಕ್ಕೆ 2014ರಿಂದಲೇ ಮೆಟ್ರೋ ಇದೆ. ವೈಟ್‌ಫೀಲ್ಡ್‌ನಿಂದ ನಗರದ ನಡುವಿಗೆ ನೇರಳೆ ಮಾರ್ಗ 2023ರಲ್ಲಿ ಕೂಡಿಕೊಂಡಿತು. ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾಯಿತು. ಸಿಲ್ಕ್ ಬೋರ್ಡ್‌ನ ಟ್ರಾಫಿಕ್‌ನಲ್ಲಿ ಬಸ್ಸಿನ ಕಂಬಿ ಹಿಡಿದು ನಿಂತಾಗ ಆಗದಿದ್ದ ಕೆಲಸ, ಅಂದರೆ ಮೊಬೈಲ್‌ನಲ್ಲಿ ಒಂದು ಪಾಠ ಕೇಳುವುದು, ಈಗ ಸಾಧ್ಯ. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಎರಡೂವರೆ, ಮೂರು ಗಂಟೆ ಇಲ್ಲಿ ಸಿಗಬಹುದು. ಆದರೆ ಕೇಳುವ ಕೆಲಸ ಮಾತ್ರ ಇಲ್ಲಿ ನಡೆದೀತು. ಬರೆಯಲು ಮೇಜು ಬೇಕು, ಮುಚ್ಚಿದ ಬಾಗಿಲು ಬೇಕು.

ಉಳಿದ ಒಂಬತ್ತು ಗಂಟೆಗಳು ಬರಬೇಕಾದದ್ದು ಮನೆಗೆಲಸದಿಂದ. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೇಂದ್ರ ಸರಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯೊಬ್ಬಳು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾಳೆ. ಈ ಕೆಲಸಕ್ಕೆ ಕೈ ಹಾಕುವ ಪುರುಷರು ಕೊಡುವುದು 88 ನಿಮಿಷ. ಮಕ್ಕಳ ಮತ್ತು ಹಿರಿಯರ ಆರೈಕೆಯ ಲೆಕ್ಕ ಬೇರೆಯೇ ಇದೆ. 289 ನಿಮಿಷವೆಂದರೆ ವಾರಕ್ಕೆ ಸುಮಾರು 34 ಗಂಟೆ. ಅದರ ಮೂರನೇ ಒಂದು ಪಾಲನ್ನು ಮನೆಯ ಉಳಿದವರು ಹಂಚಿಕೊಂಡರೆ ಹನ್ನೊಂದು ಗಂಟೆಗೂ ಮೇಲಾಯಿತು! ಒಂದು ಸ್ನಾತಕೋತ್ತರ ಪದವಿಗೆ ಬೇಕಾದಷ್ಟು ಗಂಟೆಗಳು ನಮ್ಮ ಅಡುಗೆಮನೆಯಲ್ಲಿಯೇ ಇವೆ. ಸಂಬಳಕ್ಕೆ ದುಡಿಯುವ ಸಹೋದರಿಯ ಪಾಲಿಗೆ 289 ನಿಮಿಷ ಇರಲಿಕ್ಕಿಲ್ಲ, ಇನ್ನೂ ಕಡಿಮೆ ಇರಬಹುದು. ಆಗಲೂ ಹಂಚಿಕೊಳ್ಳುವುದಕ್ಕೆ ಸಾಕಷ್ಟು ಉಳಿದಿರುತ್ತದೆ.

ಹಂಚಿಕೊಳ್ಳುವುದು ಎಂದರೆ "ಸ್ವಲ್ಪ ಸಹಾಯ ಮಾಡಿ" ಎಂದು ಕೇಳುವುದಲ್ಲ. ಕೇಳಿದಾಗ ಮಾಡುವ ಸಹಾಯ ಎರಡನೇ ವಾರಕ್ಕೆ ನಿಂತುಹೋಗುತ್ತದೆ. ಕೆಲಸಕ್ಕೆ ಹೆಸರು ಹಿಡಿದು ಒಪ್ಪಿಸಬೇಕು. ಉದಾಹರಣೆಗೆ, ಬೆಳಿಗ್ಗೆ ಮಕ್ಕಳ ಟಿಫಿನ್ ಮತ್ತು ಶಾಲೆಯ ವ್ಯಾನ್ ಪತಿಯ ಜವಾಬ್ದಾರಿ. ರಾತ್ರಿಯ ಪಾತ್ರೆಗಳು ಹದಿಮೂರು ವರ್ಷದ ಮಗನದ್ದು, ಮಗಳದ್ದು ಮಾತ್ರವಲ್ಲ. ಮಗ್ರಿಬ್ ನಂತರ ಒಂದು ಗಂಟೆ ಚಿಕ್ಕ ಮಗು ದಾದಿಯ ಅಥವಾ ನಾನಿಯ ಬಳಿ. ವಾರದ ರಜೆಯ ದಿನ ಬೆಳಿಗ್ಗೆ ನಾಲ್ಕು ಗಂಟೆ ಅಡುಗೆಮನೆಗೆ ನಿಮ್ಮ ಪ್ರವೇಶವಿಲ್ಲ. ಅಂದು ಪತಿ ಮಾಡಿದ ಚಿತ್ರಾನ್ನಕ್ಕೆ ಉಪ್ಪು ಕಡಿಮೆಯಾದರೆ ಯಾರೂ ಸೊಲ್ಲೆತ್ತಬಾರದು, ನೀವೂ ಕೂಡಾ! ಐದು ದಿನ ಒಂದೊಂದು ಗಂಟೆ, ರಜೆಯ ದಿನ ನಾಲ್ಕು ಗಂಟೆ, ಅಲ್ಲಿಗೆ ಒಂಬತ್ತಾಯಿತು. ನೈಟ್ ಡ್ಯೂಟಿಯ ವಾರದಲ್ಲಿ ಇದರ ಅರ್ಧ ಆದರೂ ಸಾಕು. ಬಾಕಿಯನ್ನು ಮುಂದಿನ ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ತೀರಿಸಿಕೊಳ್ಳಬಹುದು.

ಈ ಪುಟವನ್ನು ಮನೆಯ ಗಂಡಸರೂ ಅತ್ತೆಯಂದಿರೂ ಓದಲಿ ಎಂಬುದು ನಮ್ಮ ವಿನಂತಿ. ಪ್ರವಾದಿ(ಸ)ರು ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಹಾಗಿರುವಾಗ ಸೊಸೆ ಓದಲು ಕುಳಿತಾಗ ಮಗ ಚಹಾ ಮಾಡಿದರೆ ಮನೆತನದ ಮಾನ ಹೋಗುವುದಿಲ್ಲ. ಸಂಬಳವನ್ನು ಸಂತೋಷದಿಂದ ಸ್ವೀಕರಿಸುವ ಮನೆ, ಆ ಸಂಬಳ ತರುವವಳ ಓದಿಗೂ ಹೆಗಲು ಕೊಡಬೇಡವೇ?

ಇಷ್ಟು ಜನರು ಸೇರಿ ಕೊಟ್ಟ ಗಂಟೆಗಳನ್ನು ಪೋಲು ಮಾಡುವ ಹಕ್ಕು ನಮಗಿಲ್ಲ. ಆದ್ದರಿಂದ ಈಗ ಕೋರ್ಸ್‌ನ ಮಾತಿಗೆ ಬರೋಣ.

ಮೊದಲನೆಯದಾಗಿ, ಎಂ.ಎಸ್ಸಿ. ನರ್ಸಿಂಗ್ ಅನ್ನು ಆನ್‌ಲೈನ್‌ನಲ್ಲಿ ಕೊಡಿಸುತ್ತೇವೆ ಎಂದು ಯಾರಾದರೂ ಫೋನ್ ಮಾಡಿದರೆ ನಂಬಬೇಡಿ. ಯುಜಿಸಿಯ 2020ರ ನಿಯಮಗಳ ಪ್ರಕಾರ ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಪ್ಯಾರಾಮೆಡಿಕಲ್ ಕೋರ್ಸ್‌ಗಳನ್ನು ಆನ್‌ಲೈನ್ ಅಥವಾ ದೂರ ಶಿಕ್ಷಣದಲ್ಲಿ ನಡೆಸುವಂತಿಲ್ಲ. ಮನಃಶಾಸ್ತ್ರ, ಆಹಾರ ಮತ್ತು ಪೋಷಣೆ, ಮೈಕ್ರೋಬಯಾಲಜಿ ಮುಂತಾದವನ್ನೂ 2025ರಲ್ಲಿ ಈ ನಿಷೇಧಕ್ಕೆ ಸೇರಿಸಲಾಗಿದೆ. ಇವುಗಳನ್ನು ಓದಬೇಕೆಂದಿದ್ದರೆ ಕಾಲೇಜಿಗೇ ಹೋಗಬೇಕು. ಆಸ್ಪತ್ರೆ ಆಡಳಿತ, ಸಮಾಜ ಕಾರ್ಯ ಮುಂತಾದ ವಿಷಯಗಳಿಗೆ ದೂರ ಶಿಕ್ಷಣದ ದಾರಿ ತೆರೆದಿದೆ. ಇನ್ನೊಂದು ಮಾತು: ಜಿ.ಎನ್.ಎಂ. ಎಂಬುದು ಡಿಪ್ಲೊಮಾ, ಪದವಿಯಲ್ಲ. ಜಿ.ಎನ್.ಎಂ. ಮಾತ್ರ ಮಾಡಿದವರು ಸ್ನಾತಕೋತ್ತರಕ್ಕೆ ಮೊದಲು ಒಂದು ಪದವಿ ಪಡೆಯಬೇಕು.

ಎರಡನೆಯದಾಗಿ, ಮಾನ್ಯತೆಯನ್ನು ನೀವೇ ಪರೀಕ್ಷಿಸಿ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ವಿಚಾರದಲ್ಲಿ ನಡೆದದ್ದು ನೆನಪಿರಬಹುದು. 2012-13ರ ನಂತರದ ಕೋರ್ಸ್‌ಗಳಿಗೆ ಮಾನ್ಯತೆಯಿಲ್ಲವೆಂದು 2015ರಲ್ಲಿ ಯುಜಿಸಿ ಪ್ರಕಟಿಸಿದಾಗ, ಫೀಸು ಕಟ್ಟಿ ಪರೀಕ್ಷೆ ಬರೆದಿದ್ದ ವಿದ್ಯಾರ್ಥಿಗಳು ಕಂಗಾಲಾದರು. 2018ರಲ್ಲಿ ಮಾನ್ಯತೆ ಮತ್ತೆ ದೊರೆಯಿತು. ಸರಕಾರಿ ವಿಶ್ವವಿದ್ಯಾಲಯಕ್ಕೇ ಹೀಗಾಗಬಹುದಾದರೆ ಹೆಸರು ಕೇಳದ ಸಂಸ್ಥೆಗಳ ಗತಿಯೇನು? ಯುಜಿಸಿಯ ದೂರ ಶಿಕ್ಷಣ ವಿಭಾಗದ ವೆಬ್‌ಸೈಟ್‌ನಲ್ಲಿ ನಿಮ್ಮ ವಿಶ್ವವಿದ್ಯಾಲಯ, ನಿಮ್ಮ ಕೋರ್ಸ್ ಮತ್ತು ನೀವು ಸೇರುವ ವರ್ಷ ಮೂರೂ ಇವೆಯೇ ನೋಡಿ. 2024ರಿಂದ ಪ್ರವೇಶಕ್ಕೆ ಡೆಬ್ ಐಡಿ ಎಂಬ ಗುರುತು ಸಂಖ್ಯೆ ಕಡ್ಡಾಯವಾಗಿದೆ. ಅದನ್ನು ಅದೇ ವೆಬ್‌ಸೈಟ್‌ನಲ್ಲಿ ಪಡೆಯಬೇಕು. ಮಾನ್ಯತೆ ಇರುವ ಆನ್‌ಲೈನ್ ಪದವಿ ಕಾಲೇಜಿನ ಪದವಿಗೆ ಸಮಾನ ಎಂಬುದು ನಿಯಮದಲ್ಲೇ ಇದೆ.

ಮೂರನೆಯದಾಗಿ, ವರ್ಷದ ಕ್ಯಾಲೆಂಡರ್ ಗೋಡೆಗೆ ತೂಗುಹಾಕಿ. ಇಗ್ನೋ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತವೆ. ಈ ವರ್ಷಗಳಲ್ಲಿ ರಮಝಾನ್ ಫೆಬ್ರವರಿ, ಮಾರ್ಚ್ ಸುಮಾರಿಗೆ ಬರುತ್ತಿದೆ. ಜೂನ್ ಪರೀಕ್ಷೆಯ ಅಸೈನ್‌ಮೆಂಟ್‌ಗಳ ಗಡುವು ಅದರ ಬೆನ್ನಿಗೇ ಇರುತ್ತದೆ. ಉಪವಾಸ, ಸಹರಿಯ ಅಡುಗೆ, ಡ್ಯೂಟಿ ಇವುಗಳ ನಡುವೆ ಬರೆಯುತ್ತೇನೆಂದು ಉಳಿಸಿಕೊಳ್ಳಬೇಡಿ. ಮೊದಲ ನೋನ್ಬಿಗೆ ಮುಂಚೆಯೇ ಮುಗಿಸಿಬಿಡಿ. ಪರೀಕ್ಷೆಯ ವೇಳಾಪಟ್ಟಿ ಬಂದ ದಿನವೇ ಡ್ಯೂಟಿ ಹಾಕುವ ಸಿಸ್ಟರ್‌ಗೆ ತೋರಿಸಿ, ಶಿಫ್ಟ್ ಬದಲಿಸಿಕೊಳ್ಳಿ. ಸಹೋದ್ಯೋಗಿಯ ಮಗುವಿಗೆ ಜ್ವರ ಬಂದಾಗ ಅವಳ ಡ್ಯೂಟಿಯನ್ನು ನೀವು ಮಾಡಿದ್ದರೆ, ನಿಮ್ಮ ಪರೀಕ್ಷೆಯ ದಿನ ಅವಳು ಖಂಡಿತ ಬರುತ್ತಾಳೆ.

ಇಷ್ಟೆಲ್ಲ ಮಾಡಿಯೂ ಕೆಲವು ತಿಂಗಳು ಓದು ನಿಂತುಹೋಗಬಹುದು. ಅತ್ತೆಗೆ ಕಾಯಿಲೆ ಬರುತ್ತದೆ, ಮಗುವಾಗುತ್ತದೆ, ಮನೆ ಬದಲಿಸಬೇಕಾಗುತ್ತದೆ. ಅದಕ್ಕಾಗಿಯೇ ನಾಲ್ಕು ವರ್ಷದ ಲೆಕ್ಕ. ಜೂನ್‌ನಲ್ಲಿ ಆಗದ ಪರೀಕ್ಷೆಯನ್ನು ಡಿಸೆಂಬರ್‌ನಲ್ಲಿ ಬರೆಯಿರಿ. ಆದರೆ ಫೀಸು ಕಟ್ಟುವ ಮೊದಲು ಒಂದು ಸಂಜೆ ಮನೆಯವರೆಲ್ಲ ಒಟ್ಟಿಗೆ ಕುಳಿತು ಒಂದು ಹಾಳೆಯಲ್ಲಿ ಯಾವ ಕೆಲಸ ಯಾರದ್ದು ಎಂದು ಬರೆಯಿರಿ. ಆ ಹಾಳೆಯಲ್ಲಿ ಒಂಬತ್ತು ಗಂಟೆ ತುಂಬಿದರೆ ಅರ್ಜಿ ಹಾಕಿ. ತುಂಬದಿದ್ದರೆ ಈ ಬಾರಿ ಬೇಡ. ಮುಂದಿನ ಪ್ರವೇಶದವರೆಗೆ ಆರು ತಿಂಗಳು ಮನೆಯವರೊಂದಿಗೆ ಮಾತು ಮುಂದುವರಿಸಿ. ಅಲ್ಲಾಹನು ನಿಮ್ಮ ಸಮಯದಲ್ಲಿ ಬರಕತ್ ನೀಡಲಿ.